ತೂಕ ಜಾಸ್ತಿ ಇರುವ ಮಗುವಿಗೆ ಬೇರೆ ತಟ್ಟೆ ಹಾಕಬೇಡಿ

ಮಗುವಿನ ತೂಕ ಜಾಸ್ತಿ ಇದೆ ಅಂತ ಡಾಕ್ಟರ್ ಹೇಳಿದ ಕೂಡಲೇ ಎಷ್ಟೋ ಮನೆಗಳಲ್ಲಿ ಅದರ ತಟ್ಟೆಯಿಂದ ಒಂದು ಅಕ್ಕಿರೊಟ್ಟಿ ಕಡಿಮೆಯಾಗುತ್ತದೆ. ಅಣ್ಣನಿಗೆ ತುಪ್ಪ, ಅಪ್ಪನಿಗೆ ಕಾಫಿ ಜೊತೆ ಖಾರಾ ಬನ್, ಆ ಪುಟ್ಟದಕ್ಕೆ ಮಾತ್ರ ಸೌತೆಕಾಯಿ. ದಯವಿಟ್ಟು ಹೀಗೆ ಮಾಡಬೇಡಿ. ನಾಲ್ಕು ವರ್ಷದ ಮಗು ಅಂಗಡಿಗೆ ಹೋಗುವುದಿಲ್ಲ, ಅಡುಗೆ ಮಾಡುವುದಿಲ್ಲ, ಮನೆಯಲ್ಲಿ ಏನಿದೆಯೋ ಅದನ್ನೇ ತಿನ್ನುತ್ತದೆ. ಬದಲಾಗಬೇಕಾದವರು ನಾವೆಲ್ಲ.

ಮೊದಲು ಸರಿಯಾಗಿ ಅಳೆಸಿ. ಅಂಗನವಾಡಿಯಲ್ಲೇ ತೂಕ, ಎತ್ತರ ನೋಡುತ್ತಾರೆ, ಮಗುವಿನ ಬೆಳವಣಿಗೆ ಗುರುತಿಸುವ ಚಾರ್ಟ್ ತೋರಿಸಿ ಅಂತ ಕೇಳಿ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ರಾತ್ರಿ ಜೋರು ಗೊರಕೆ ಇದ್ದರೆ, ತೂಕ ಏರುತ್ತಿದ್ದರೂ ಎತ್ತರ ಬೆಳೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬಹಳಷ್ಟು ಚಿಕ್ಕ ಮಕ್ಕಳಲ್ಲಿ ತೂಕ ಇಳಿಸಬೇಕಾಗಿಯೇ ಇಲ್ಲ. ಅದು ಏರುವ ವೇಗ ತಗ್ಗಿದರೆ ಸಾಕು, ಎತ್ತರ ಬೆಳೆದಂತೆ ಸರಿಹೋಗುತ್ತದೆ. ಉಪವಾಸ ಬೇಡ.

ನಮ್ಮ ಹಾಸನದ ಮನೆಯೂಟದಲ್ಲಿ ದೊಡ್ಡ ತೊಂದರೆ ಇಲ್ಲ. ಮುದ್ದೆ, ಬಸ್ಸಾರು, ಹುರುಳಿಕಾಳು, ಮೊಟ್ಟೆ, ಎಲ್ಲ ಒಳ್ಳೆಯದೇ. ತೊಂದರೆ ಇರುವುದು ಸಂಜೆ ನಾಲ್ಕು ಗಂಟೆಗೆ. ಊರೂರಲ್ಲಿರುವ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯಲ್ಲೇ ಇದೆ, ನಮಗೆ ಆ ರುಚಿ ಬಿಡಲಾಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತರಬೇಡಿ. ಯಾವಾಗಲಾದರೂ ಎಲ್ಲರೂ ಹೋಗಿ, ಅಲ್ಲೇ ಒಂದೊಂದು ತಿಂದು, ನಡೆದುಕೊಂಡು ವಾಪಸ್ ಬನ್ನಿ. ಉಳಿದ ದಿನ ಬೇಯಿಸಿದ ಜೋಳ, ಹೆಸರುಕಾಳಿನ ಉಸಲಿ, ಸೀಬೆಹಣ್ಣು. ದೊಡ್ಡವರಿಗೂ ಅದೇ. ಪ್ಯಾಕೆಟ್ ಜ್ಯೂಸ್ ನಿಲ್ಲಿಸಿ. ಹಾಲಿಗೆ ಹಾಕುವ ಪುಡಿಯ ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ. 4 ಗ್ರಾಂ ಅಂದರೆ ಸುಮಾರು ಒಂದು ಟೀ ಚಮಚ.

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟ ಅಲ್ವಾ? ಅವರಿಗೆ ತಿನ್ನಿಸುವುದೇ ಪ್ರೀತಿ, "ಇನ್ನೊಂದೇ ತುತ್ತು ಕಣೋ" ಅನ್ನದೆ ಊಟ ಮುಗಿಯುವುದಿಲ್ಲ. ಜಗಳ ಬೇಡ. "ಅತ್ತೆ, ಹೊಟ್ಟೆ ತುಂಬಿತು ಅಂದರೆ ಬಿಟ್ಟುಬಿಡೋಣ, ಹಸಿವಾದರೆ ಅವನೇ ಕೇಳ್ತಾನೆ" ಅನ್ನಿ. ಏನು, ಯಾವಾಗ ಕೊಡಬೇಕು ಅನ್ನುವುದು ದೊಡ್ಡವರಿಗೆ ಸೇರಿದ್ದು, ಎಷ್ಟು ತಿನ್ನಬೇಕು ಅನ್ನುವುದು ಮಗುವಿಗೆ. ಅಜ್ಜಿಗೆ ಮೊಮ್ಮಗನ ಜೊತೆ ಸೊಪ್ಪು ಬಿಡಿಸುವ, ಕಥೆ ಹೇಳುವ ಕೆಲಸ ಕೊಡಿ, ಆ ಪ್ರೀತಿಗೆ ಇನ್ನೊಂದು ದಾರಿ ಸಿಗಲಿ. ಅತ್ತರೆ ಚಾಕೊಲೇಟ್, ಊಟ ಮುಗಿಸಿದರೆ ಚಾಕೊಲೇಟ್ ಅನ್ನುವುದನ್ನೂ ಬಿಡಿ.

ಊಟದ ಹೊತ್ತಲ್ಲಿ ಟಿವಿ, ಮೊಬೈಲ್ ಇಲ್ಲ, ಅಪ್ಪನದ್ದೂ ಸೇರಿ. 2ರಿಂದ 4 ವರ್ಷದವರಿಗೆ ಇಡೀ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3-4 ವರ್ಷದವರಿಗೆ ಹಗಲಿನದ್ದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ದಿನಕ್ಕೆ 3 ಗಂಟೆ ಓಡಾಟ ಬೇಕು. ಸಂಜೆ ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋದರೆ ನೀವು ಬೆಂಚಿನ ಮೇಲೆ ಕೂರಬೇಡಿ, ಜೊತೆಗೆ ಓಡಿ. ಸಕಲೇಶಪುರದ ಕಡೆಯವರಿಗೆ ಜೂನ್ ಬಂತೆಂದರೆ ಮಳೆ ಬಿಡುವುದಿಲ್ಲ, ಆಗ ಹಾಲ್‌ನಲ್ಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿ.

ಮದುವೆ ಮನೆಯಲ್ಲಿ ಯಾರಾದರೂ "ಯಾವ ಅಂಗಡಿ ಅಕ್ಕಿ?" ಅಂತ ಕೆನ್ನೆ ಹಿಂಡಿದರೆ ನಗಬೇಡಿ, ಮಾತು ತಿರುಗಿಸಿ. ಗುಂಡ, ಡುಮ್ಮಿ ಅನ್ನುವುದು ಮುದ್ದಿಗೂ ಬೇಡ, ಮಗುವಿಗೆ ಎಲ್ಲ ಅರ್ಥವಾಗುತ್ತದೆ.

ದಿನಾ ತೂಕದ ಯಂತ್ರದ ಮೇಲೆ ನಿಲ್ಲಿಸಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಒಟ್ಟಿಗೆ ನೋಡಿಸಿ, ಅದೇ ಚಾರ್ಟ್‌ನಲ್ಲಿ ಗುರುತು ಹಾಕಿಸಿ.