ರಕ್ತನಾಳಗಳ ಅಪಾಯ: ನಮಗೆ ಹೊಂದುವ ಮಿತಿಗಳನ್ನು ಬಳಸುವ ಕ್ರಮ

ರಕ್ತನಾಳಗಳ ಕಾಯಿಲೆ ಎಲ್ಲ ಜನಸಮುದಾಯಗಳಲ್ಲೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಪೂರ್ವ ಏಷ್ಯಾದವರಲ್ಲಿ ಮಿದುಳಿನೊಳಗಿನ ರಕ್ತನಾಳಗಳು ಕಿರಿದಾಗಿ ಪಾರ್ಶ್ವವಾಯು ತಗಲುವುದು ಹೆಚ್ಚು. ಯುರೋಪ್ ಮೂಲದವರಲ್ಲಿ ಕುತ್ತಿಗೆಯ ರಕ್ತನಾಳಗಳ ತೊಂದರೆ ಹೆಚ್ಚು. ದಕ್ಷಿಣ ಏಷ್ಯಾದವರಾದ ನಮ್ಮ ಚಿಂತೆ ಬೇರೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮ ಭಾಗದಲ್ಲಿ 53 ಇದ್ದರೆ, ಉಳಿದೆಡೆ ಸುಮಾರು 59 ಇತ್ತು. ಈ ಅಂತರಕ್ಕೆ ಮುಖ್ಯ ಕಾರಣ, ತಡೆಯಬಹುದಾದ ಅಪಾಯಗಳೇ ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿ ಹೆಚ್ಚಾಗಿರುವುದು ಎಂದು ಅದೇ ಅಧ್ಯಯನ ತೋರಿಸಿತು. ಆದ್ದರಿಂದ ಬೇಗ ಅಳೆದುಕೊಳ್ಳುವುದರಲ್ಲಿ ನಿಜವಾದ ಪ್ರಯೋಜನವಿದೆ.

ಮೊದಲು ಹೊಟ್ಟೆಯ ಸುತ್ತಳತೆ ನೋಡಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪನ್ನು ಬಿಗಿಯದೆ ಅಡ್ಡಲಾಗಿ ಸುತ್ತಿ ಅಳೆಯಬೇಕು. ಪ್ಯಾಂಟಿನ ಅಳತೆ ಇದಕ್ಕೆ ಬದಲಿಯಾಗದು. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಮಿತಿ. ಅಮೆರಿಕದಲ್ಲಿ ರೂಢಿಯಲ್ಲಿರುವ 102 ಮತ್ತು 88ನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಹಾಗೆಯೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25 ದಾಟುವವರೆಗೆ ಕಾಯದೆ, ಏಷ್ಯಾದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ 23ರಿಂದಲೇ ಎಚ್ಚರ ವಹಿಸಿ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರನ್ನು ಬಿಎಂಐ ಒಂದೇ ಹಿಡಿದುಕೊಡುವುದಿಲ್ಲ ಎಂಬುದರಿಂದಲೇ ನಾನು ಟೇಪಿಗೆ ಮೊದಲ ಸ್ಥಾನ ಕೊಡುತ್ತೇನೆ.

ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಳ ಜೊತೆಗೆ ಲಿಪೊಪ್ರೋಟೀನ್ (ಎ), ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಸಾಗಿಸುವ, ಹೆಚ್ಚಾದರೆ ಹೃದಯಕ್ಕೆ ಅಪಾಯ ತರುವ ಒಂದು ಬಗೆಯ ಕಣದ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ಇದರ ಮಟ್ಟ ಬಹುಪಾಲು ಅನುವಂಶೀಯವಾದ್ದರಿಂದ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದ್ರೋಗ ಬಂದಿದ್ದರೆ ಅದನ್ನೂ ತಪ್ಪದೆ ತಿಳಿಸಿ.

ಹೊರದೇಶದಲ್ಲಿರುವ ಕನ್ನಡಿಗರು ಮುಂದೆ ಹೃದಯಾಘಾತ, ಪಾರ್ಶ್ವವಾಯು ಬರುವ ಅಪಾಯವನ್ನು ವೈದ್ಯರು ಲೆಕ್ಕ ಹಾಕುವ ಸೂತ್ರವನ್ನೂ ಗಮನಿಸಬೇಕು. ಬ್ರಿಟನ್ನಿನ ಕ್ಯೂರಿಸ್ಕ್ (QRISK) ಸೂತ್ರ ಭಾರತೀಯರನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ. ಅಮೆರಿಕದ 2013ರ ಸೂತ್ರದಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಮಾತ್ರ ಪ್ರತ್ಯೇಕ ಲೆಕ್ಕವಿತ್ತು. 2018ರ ಅಲ್ಲಿನ ಮಾರ್ಗಸೂಚಿಯು ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶವೆಂದು ಹೆಸರಿಸಿದೆ. ಅಂಕಿ ಕಡಿಮೆ ಬಂದರೂ ಈ ಅಂಶವನ್ನು ವೈದ್ಯರ ಮುಂದಿಟ್ಟೇ ಚಿಕಿತ್ಸೆಯ ನಿರ್ಧಾರಕ್ಕೆ ಬನ್ನಿ.