ಕರೆಂಟ್ ಬಿಲ್ ಇಳಿಸಬೇಕಾ? ಮೊದಲು ಬಚ್ಚಲುಮನೆ ಕಡೆ ನೋಡಿ

ಕರೆಂಟ್ ಉಳಿಸೋಣ ಅಂದ ಕೂಡಲೇ ಎಲ್ಲರೂ ಲೈಟ್ ಆಫ್ ಮಾಡುತ್ತಾರೆ. ಒಳ್ಳೆಯದೇ. ಆದರೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಎಳೆಯಲು ನೂರು ಗಂಟೆಗೂ ಜಾಸ್ತಿ ಉರಿಯಬೇಕು, 2,000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆ ಸಾಕು. ಎಲ್ಲಿ ಕೈ ಹಾಕಬೇಕು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ?

ಮೊದಲು ಬೆಸ್ಕಾಂ ಬಿಲ್ ಕೈಗೆ ತೆಗೆದುಕೊಳ್ಳಿ. ಈಗಿನ ರೀಡಿಂಗ್‌ನಲ್ಲಿ ಹಿಂದಿನದನ್ನು ಕಳೆದರೆ ತಿಂಗಳ ಯೂನಿಟ್ ಸಿಗುತ್ತದೆ. ಗೃಹಜ್ಯೋತಿ ಇದ್ದವರು ತಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಅಂತಲೂ ನೋಡಿಕೊಳ್ಳಬೇಕು. ಎಲ್ಲರಿಗೂ 200 ಸಿಗುವುದಿಲ್ಲ. 2022-23ರಲ್ಲಿ ಬಳಸಿದ್ದರ ಸರಾಸರಿಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿ ಆ ಲೆಕ್ಕ ಹಾಕಿದ್ದಾರೆ. ಅದನ್ನು ಮೀರಿದರೆ ಮೀರಿದ ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅದಕ್ಕೇ ರೀಡಿಂಗ್ ಆದ ಹದಿನೈದನೇ ದಿನ ಒಮ್ಮೆ ಮೀಟರ್ ನೋಡಿ. ಆಗಲೇ ನೂರು ದಾಟಿದ್ದರೆ ಉಳಿದ ಹದಿನೈದು ದಿನ ಕೈ ಬಿಗಿಹಿಡಿಯಬಹುದು. ಬಿಲ್ ಬಂದ ಮೇಲೆ ಏನೂ ಮಾಡಲಾಗುವುದಿಲ್ಲ.

ಮೀಟರ್ ಹತ್ತಿರ ಹೋದಾಗ ಇನ್ನೊಂದು ಕೆಲಸ ಮಾಡಿ. ಮೇನ್ ಸ್ವಿಚ್ ಮುಟ್ಟದೆ ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಮತ್ತು ಯುಪಿಎಸ್ ಸೇರಿಸಿ. ಮೀಟರ್ ಮೇಲೆ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಕರೆಂಟ್ ಜಾಸ್ತಿ ಎಳೆದಷ್ಟೂ ಬೇಗ ಬೇಗ ಮಿನುಗುತ್ತದೆ. ಎಲ್ಲ ಆರಿಸಿದರೂ ಮಿನುಗುತ್ತಲೇ ಇದ್ದರೆ ಎಲ್ಲೋ ಲೀಕೇಜ್ ಇದೆ, ಇಲ್ಲವೇ ಬೇರೆ ಯಾರದ್ದೋ ಕರೆಂಟ್ ನಿಮ್ಮ ಲೆಕ್ಕಕ್ಕೆ ಬೀಳುತ್ತಿದೆ. ನಾಲ್ಕೈದು ಬಾಡಿಗೆ ಮನೆಗಳಿರುವ ಕಟ್ಟಡದಲ್ಲಿ ಮೆಟ್ಟಿಲ ಲೈಟೋ ಸಂಪ್ ಮೋಟರೋ ಒಬ್ಬರ ಮೀಟರ್‌ಗೇ ಸೇರಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ, ಓನರ್ ಜೊತೆ ಮುಖ ಕೊಟ್ಟು ಮಾತಾಡಿ. ಇದರಲ್ಲಿ ಸಂಕೋಚ ಬೇಡ.

ಈಗ ಗೀಸರ್. 15 ಲೀಟರ್ ಗೀಸರ್‌ನಲ್ಲಿ ನಮ್ಮೂರ ನಲ್ಲಿ ನೀರು 60 ಡಿಗ್ರಿಗೆ ಬರಲು ಇಪ್ಪತ್ತು ನಿಮಿಷ, ಮುಕ್ಕಾಲು ಯೂನಿಟ್‌ಗಿಂತ ಕಡಿಮೆ. ಆ ನೀರಿಗೆ ತಣ್ಣೀರು ಬೆರೆಸಿದರೆ ಹದವಾದ ಬಿಸಿಯಲ್ಲಿ ಎರಡು ಸಣ್ಣ ಬಕೆಟ್ ತುಂಬುತ್ತದೆ, ಅಂದರೆ ಇಬ್ಬರ ಸ್ನಾನ. ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಬಚ್ಚಲಿಗೆ ಹೋಗುವ ಮುಂಚೆ ಸ್ವಿಚ್ ಆರಿಸಿ. ಆರು ಗಂಟೆಗೆ ಹಾಕಿ ಒಂಬತ್ತರವರೆಗೆ ಬಿಟ್ಟರೆ ತಣಿದ ನೀರನ್ನೇ ಅದು ಮತ್ತೆ ಮತ್ತೆ ಕಾಯಿಸುತ್ತದೆ, ಸುಮ್ನೆ ದಂಡ. ಸೋಲಾರ್ ಇರುವ ಮನೆಯವರು ಮೋಡದ ದಿನ ಬ್ಯಾಕಪ್ ಕಾಯಿಲ್ ಹಾಕುವ ಮುಂಚೆ ಯೋಚಿಸಿ. ಬಕೆಟ್ ನೀರಿಗೋಸ್ಕರ ಅದು ಇಡೀ ಟ್ಯಾಂಕ್ ಕಾಯಿಸುತ್ತದೆ, 100 ಲೀಟರ್ ಟ್ಯಾಂಕ್ ಆದರೆ ಒಂದು ಸಲಕ್ಕೆ ನಾಲ್ಕು ಯೂನಿಟ್ ಹೋಗಬಹುದು. ಅಂಥ ದಿನಕ್ಕೆ ಸಣ್ಣ ಗೀಸರ್ ವಾಸಿ.

ಆಮೇಲೆ ಫ್ಯಾನ್. ಬೆಂಗಳೂರಲ್ಲಿ ವರ್ಷದ ಬಹುಪಾಲು ಫ್ಯಾನೇ ಸಾಕು, ಹಾಗಾಗಿ ಅದು ಓಡುವ ಗಂಟೆಗಳೂ ಜಾಸ್ತಿ. ಹಳೇ ಫ್ಯಾನ್ 75 ವ್ಯಾಟ್ ಆಸುಪಾಸು ಎಳೆಯುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟರ್ ಇರುವ ಫ್ಯಾನ್ 30ರ ಸುತ್ತಮುತ್ತ. ದಿನಕ್ಕೆ 15 ಗಂಟೆ ಓಡಿದರೆ ಒಂದು ಫ್ಯಾನ್‌ನಿಂದಲೇ ತಿಂಗಳಿಗೆ ಸುಮಾರು 20 ಯೂನಿಟ್ ಉಳಿತಾಯ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ, ಅತಿ ಹೆಚ್ಚು ಓಡುವ ಒಂದನ್ನು ಬದಲಿಸಿ ಬಿಲ್ ನೋಡಿ. ಎಸಿ ಇದ್ದರೆ 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ವಿದ್ಯುತ್ ಉಳಿಯುತ್ತದೆ ಅನ್ನುತ್ತದೆ ಬಿಇಇ, ಅಂದರೆ ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸಂಸ್ಥೆ.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ, ಬದಲಿಸಿ. ಬಿಸಿ ಸಾರು ಆರದೆ ಒಳಗಿಡಬೇಡಿ. ವಾಷಿಂಗ್ ಮಷೀನ್‌ನಲ್ಲಿ ದಿನಬಳಕೆ ಬಟ್ಟೆಗೆ ತಣ್ಣೀರು ಸಾಕು.

ಸಂಪ್ ಮೋಟರ್‌ಗೆ ನೀರು ತುಂಬಿದ ಕೂಡಲೇ ತಾನಾಗೇ ನಿಲ್ಲುವ ಕಂಟ್ರೋಲರ್ ಹಾಕಿಸಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಟ್ಯಾಂಕ್ ತುಂಬಿ ರಸ್ತೆಗೆ ಹರಿಯುವಾಗ ಕರೆಂಟೂ ಹೋಗುತ್ತದೆ, ಕಾವೇರಿ ನೀರೂ ಹೋಗುತ್ತದೆ. ಈ ಊರಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ವಂತ ಮನೆ, ಸ್ವಂತ ತಾರಸಿ ಇದ್ದವರು ಪಿಎಂ ಸೂರ್ಯಘರ್ ಯೋಜನೆಯನ್ನೂ ವಿಚಾರಿಸಿ. ಮೂರು ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಸೋಲಾರ್ ವ್ಯವಸ್ಥೆಗೆ 78,000 ರೂಪಾಯಿ ಸಬ್ಸಿಡಿ ಇದೆ. ದುಡ್ಡು ಕಟ್ಟುವ ಮುಂಚೆ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ತಾರಸಿ ಹತ್ತಿ ನೋಡಿ. ಪಕ್ಕದ ಕಟ್ಟಡದ ನೆರಳು ಆ ಹೊತ್ತಲ್ಲಿ ಪ್ಯಾನಲ್ ಕೂರಿಸುವ ಜಾಗಕ್ಕೆ ಬೀಳಬಾರದು. ಪಕ್ಕದ ಸೈಟ್ ಖಾಲಿ ಇದ್ದರೆ ನಾಳೆ ಅಲ್ಲಿ ನಾಲ್ಕು ಮಹಡಿ ಏಳಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.