ಗಜನಿಯ ಪ್ರಬಂಧಕ್ಕೆ ಝೋಟೆರೋ: ಉಲ್ಲೇಖಗಳನ್ನು ನಾನು ಸಂಭಾಳಿಸಿದ ಬಗೆ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು, ನನ್ನ ಪಿಎಚ್‌ಡಿ ವಿಷಯ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ, ಅದರ ಜೊತೆಗೆ ಸಿಗಡಿ, ಮೀನು, ಬಳಚು ಎಂಬ ಚಿಪ್ಪುಜೀವಿ. ಕುಮಟಾದಲ್ಲೇ ಕೂತು ಬರೆದೆ. ಇದಕ್ಕೆ ಬೇಕಾದ ಆಧಾರಗಳು ಒಂದೇ ಜಾತಿಯವಲ್ಲ. ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳ ಲೇಖನಗಳಿವೆ, ಬ್ರಿಟಿಷರ ಕಾಲದ ಗೆಜೆಟಿಯರ್ ಇದೆ, ಸರ್ಕಾರಿ ವರದಿಗಳಿವೆ, ಕನ್ನಡ ಪುಸ್ತಕಗಳು ಮತ್ತು ಪೇಪರ್ ಕಟಿಂಗ್‌ಗಳಿವೆ. ಮಾಣಿಕಟ್ಟಾದ ರೈತರು ಹೇಳಿದ್ದೂ ಇದೆ. 2024ರಲ್ಲಿ ಅಳಿವೆ ರಾಮ್‌ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಓದಬೇಕಾದದ್ದು ಇನ್ನೂ ಜಾಸ್ತಿಯಾಯಿತು.

ಇದನ್ನೆಲ್ಲ ಇಡಲು ಝೋಟೆರೋ ಆರಿಸಿಕೊಂಡೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಶುರುವಾದ, ಆಧಾರಗಳನ್ನು ಜೋಡಿಸಿಟ್ಟು ಉಲ್ಲೇಖ ಹಾಕಿಕೊಡುವ ತಂತ್ರಾಂಶ ಅದು. ದುಡ್ಡಿಲ್ಲ. ಲೈಬ್ರರಿ ಪೂರ್ತಿ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಆಷಾಢದ ಮಳೆಯಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಇಲ್ಲದ ಊರಲ್ಲಿ ಇರುವವರಿಗೆ ಇದರ ಬೆಲೆ ಗೊತ್ತು. ಅವರ ಸರ್ವರಿನಲ್ಲಿ ಫೈಲುಗಳಿಗೆ 300 ಎಂಬಿ ಮಾತ್ರ ಪುಕ್ಕಟೆ. ಹಾಗಾಗಿ ಪಿಡಿಎಫ್‌ಗಳ ಸಿಂಕ್ ಬಂದ್ ಮಾಡಿ, ನಮೂದುಗಳಿಗೆ ಮಾತ್ರ ಸಿಂಕ್ ಇಟ್ಟೆ. ಝೋಟೆರೋ ಮುಚ್ಚಿ, ಅದರ ಫೋಲ್ಡರನ್ನು ಆಗಾಗ ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತಿದ್ದೆ. ಈ ಫೋಲ್ಡರನ್ನು ನೇರವಾಗಿ ಡ್ರಾಪ್‌ಬಾಕ್ಸಿನಂಥ ಜಾಗದಲ್ಲಿ ಇಡಬೇಡಿ, ಡೇಟಾಬೇಸ್ ಕೆಡಬಹುದು.

ಡಿಒಐ ಸಂಖ್ಯೆ (ಲೇಖನಕ್ಕೆ ನೆಟ್ಟಿನಲ್ಲಿರುವ ಕಾಯಂ ಗುರುತು) ಇರುವ ಲೇಖನಗಳದ್ದು ಸುಲಭ. ಮಾಂತ್ರಿಕ ದಂಡದ ಗುರುತು ಒತ್ತಿ ಸಂಖ್ಯೆ ಅಂಟಿಸಿದರೆ ಲೇಖಕ, ವರ್ಷ, ಸಂಪುಟ, ಪುಟ ಎಲ್ಲ ಬಂದು ಕೂರುತ್ತವೆ. ಪುಸ್ತಕಕ್ಕೆ ಐಎಸ್‌ಬಿಎನ್ ಸಾಕು. ಆದರೆ ಬಂದದ್ದನ್ನು ಆಗಲೇ ಒಮ್ಮೆ ಓದಬೇಕು. ಆಮೇಲೆ ಅಂತ ಬಿಟ್ಟರೆ ಆ ಆಮೇಲೆ ಬರುವುದೇ ಇಲ್ಲ. ಶೀರ್ಷಿಕೆಯಲ್ಲಿ ಪ್ರತಿ ಪದಕ್ಕೂ ದೊಡ್ಡಕ್ಷರ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಂಟೆನ್ಸ್ ಕೇಸ್' ಮಾಡುತ್ತಿದ್ದೆ. ಬೇಕಾದ ಶೈಲಿಯಲ್ಲಿ ಝೋಟೆರೋ ಅದನ್ನು ಮತ್ತೆ ದೊಡ್ಡಕ್ಷರಕ್ಕೆ ಏರಿಸಬಲ್ಲದು, ತಾನಾಗಿ ಇಳಿಸಲಾರದು. ಬಳಚಿನ ಮೇಲಿನ ಲೇಖನಗಳಲ್ಲಿ ಜೀವಿಯ ವೈಜ್ಞಾನಿಕ ಹೆಸರಿರುತ್ತದಲ್ಲ, ಅದಕ್ಕೆ ಶೀರ್ಷಿಕೆಯಲ್ಲೇ ಇಟ್ಯಾಲಿಕ್ ಗುರುತು ಹಾಕಿಟ್ಟರೆ ಕೊನೆಯ ಪಟ್ಟಿಯಲ್ಲೂ ಹಾಗೇ ಓರೆಯಾಗಿ ಬರುತ್ತದೆ.

ಹಳೆಯ ಪುಸ್ತಕಗಳಿಗೆ ಈ ಸುಖ ಇಲ್ಲ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ನಮ್ಮ ಜಿಲ್ಲೆಯ ಗೆಜೆಟಿಯರ್ ಬಾಂಬೆ ಪ್ರೆಸಿಡೆನ್ಸಿ ಮಾಲಿಕೆಯ 15ನೇ ಸಂಪುಟ, 1883ರದ್ದು, ಎರಡು ಭಾಗ. ನೆಟ್ಟಿನಿಂದ ತಂದ ನಮೂದಿನಲ್ಲಿ ಸ್ಕ್ಯಾನ್ ಏರಿಸಿದ ವರ್ಷ ಕೂತಿರಬಹುದು, ಸಂಪಾದಕ ಕ್ಯಾಂಪ್‌ಬೆಲ್ ಲೇಖಕರಾಗಿರಬಹುದು. ಇದನ್ನು ನಾನು ಕೈಯಾರೆ ತುಂಬಿದೆ, ಭಾಗಕ್ಕೊಂದು ಬೇರೆ ನಮೂದು ಮಾಡಿದೆ. ಫ್ರಾನ್ಸಿಸ್ ಬುಕಾನನ್ ಇನ್ನೊಂದು ಕಥೆ. 1800–01ರಲ್ಲಿ ಈ ಸೀಮೆಯನ್ನು ಸುತ್ತಿದ ಇವರ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮುಂದೆ ಅವರು ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡರು. ಹೀಗಾಗಿ ಕೆಲವು ಕಡೆ ಬುಕಾನನ್, ಕೆಲವು ಕಡೆ ಹ್ಯಾಮಿಲ್ಟನ್. ಒಂದೇ ಹೆಸರು ಹಿಡಿದು ಉಳಿದದ್ದನ್ನು 'ಮರ್ಜ್' ಮಾಡಿದೆ.

ಹೆಸರಿನ ಮಾತು ಬಂದಾಗ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು. ಸಿರಸಿ, ಕುಮಟಾ ಕಡೆ ಹೆಗಡೆ, ಭಟ್ಟ, ನಾಯ್ಕ, ನಾಯಕ ಎಷ್ಟು ಜನ! ಒಬ್ಬರೇ ಲೇಖಕರು ಒಂದು ಪತ್ರಿಕೆಯಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಕೊಟ್ಟಿರುತ್ತಾರೆ. ಝೋಟೆರೋ ಇವರನ್ನು ಇಬ್ಬರು ಅಂದುಕೊಳ್ಳುತ್ತದೆ. ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಅವರನ್ನು ಬೇರ್ಪಡಿಸಲು ಉಲ್ಲೇಖದಲ್ಲಿ ಅಡ್ಡಹೆಸರಿಗಿಂತ ಮೊದಲು ಇನಿಷಿಯಲ್ ಸೇರಿಸುತ್ತದೆ. ನಮ್ಮ ಗೈಡ್ ಮೇಡಂ ಒಂದು ಅಧ್ಯಾಯ ನೋಡುವಾಗ "ಇವರು ಬೇರೆ ಹೆಗಡೆಯವರಾ?" ಅಂತ ಕೇಳಿದ್ದು ಇದಕ್ಕೇ. ಬೇರೆಯವರಲ್ಲ, ಅವರೇ. ನಮೂದುಗಳಲ್ಲಿ ಹೆಸರನ್ನು ಅಕ್ಷರ ಬಿಡದೆ ಒಂದೇ ಥರ ಮಾಡಿ, ವರ್ಡ್‌ನ ಝೋಟೆರೋ ಟ್ಯಾಬಿನಲ್ಲಿ 'ರಿಫ್ರೆಶ್' ಒತ್ತಿದರೆ ಇನಿಷಿಯಲ್ ಹೋಗುತ್ತದೆ. ನಿಜವಾಗಿಯೂ ಇಬ್ಬರು ಹೆಗಡೆಯವರಿದ್ದರೆ ಅದು ಇರಲೇಬೇಕು, ಅಳಿಸಬಾರದು.

ಕನ್ನಡ ಲೇಖಕರಿಗೆ ನಾನು ಎರಡು ಕಾಲಂ ಬಿಟ್ಟು ಒಂದೇ ಕಾಲಂನಲ್ಲಿ ಪೂರ್ತಿ ಹೆಸರು ಹಾಕಿದೆ. ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಹಾಗೆ ಬದಲಾಗುತ್ತದೆ. ಆಗ ತಂತ್ರಾಂಶ ಹೆಸರನ್ನು ಕತ್ತರಿಸುವುದಿಲ್ಲ, ಹಿಂದುಮುಂದು ಮಾಡುವುದಿಲ್ಲ. ವಾಕ್ಯದ ನಡುವೆ ಹೆಸರು ಉದ್ದವಾಗುತ್ತದೆ, ನಿಜ. ಆದರೆ ಕನ್ನಡದಲ್ಲಿ ಲೇಖಕರನ್ನು ಪೂರ್ತಿ ಹೆಸರಿನಿಂದಲೇ ಗುರುತಿಸುತ್ತೇವಲ್ವಾ? ಗೈಡ್ ಕೂಡ ಒಪ್ಪಿದರು. ಸರ್ಕಾರಿ ಇಲಾಖೆಗಳಿಗೂ ಇದೇ ಒಂದು ಕಾಲಂ.

ಇನ್ನೊಂದು ಕನ್ನಡದ್ದೇ ತೊಡಕು ಫಾಂಟ್. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತದಿಂದ ನಕಲು ಮಾಡಿದರೆ ಝೋಟೆರೋದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೇ ತುಂಬಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ನೋಡಿ.

ವರ್ಡ್‌ನಲ್ಲಿ ಬರೆಯುವಾಗಿನ ಕೆಲಸ ಹೆಚ್ಚೇನಿಲ್ಲ. ಝೋಟೆರೋ ಟ್ಯಾಬಿನಲ್ಲಿ 'ಆ್ಯಡ್/ಎಡಿಟ್ ಸೈಟೇಶನ್' ಒತ್ತಿ, ಹೆಸರು ಟೈಪ್ ಮಾಡಿ, ಬೇಕಾದದ್ದನ್ನು ಆರಿಸಿ ಎಂಟರ್. ಗೆಜೆಟಿಯರಿನಂಥ ದಪ್ಪ ಪುಸ್ತಕಕ್ಕೆ ಪುಟ ಸಂಖ್ಯೆ ಬೇಕೇ ಬೇಕು. ಅದನ್ನು ಅದೇ ಪಟ್ಟಿಯಲ್ಲಿ ಹೆಸರಿನ ಮೇಲೆ ಕ್ಲಿಕ್ ಮಾಡಿ ಕೊಡಬೇಕು, ವರ್ಡ್‌ನಲ್ಲಿ ಕೈಯಿಂದ ಸೇರಿಸಿದರೆ ಮುಂದಿನ ಬದಲಾವಣೆಯಲ್ಲಿ ಅಳಿಸಿಹೋಗಬಹುದು. ಅಧ್ಯಾಯಗಳನ್ನು ಬೇರೆ ಬೇರೆ ಫೈಲಿನಲ್ಲಿ ಇಡದೆ ಒಂದೇ ಫೈಲಿನಲ್ಲಿ ಇಟ್ಟೆ. ಒಬ್ಬರದ್ದೇ ಒಂದು ವರ್ಷದ ಎರಡು ಲೇಖನ ಇದ್ದರೆ 2015ಎ, 2015ಬಿ ಅಂತ ಝೋಟೆರೋ ತಾನೇ ಹಾಕುತ್ತದೆ. ಫೈಲು ಬೇರೆಯಾದರೆ ಈ ಲೆಕ್ಕ ತಪ್ಪುತ್ತದೆ. ಫೈಲು ದೊಡ್ಡದಾಗಿ ನಿಧಾನವಾದಾಗ 'ಡಾಕ್ಯುಮೆಂಟ್ ಪ್ರಿಫರೆನ್ಸಸ್'ನಲ್ಲಿ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ದಿನದ ಕೊನೆಗೆ ಒಮ್ಮೆ ರಿಫ್ರೆಶ್ ಮಾಡಿದೆ. ಪಟ್ಟಿಯ ಫಾಂಟ್, ಸಾಲಿನ ಅಂತರ ಬದಲಿಸಲು ವರ್ಡ್‌ನ 'ಬಿಬ್ಲಿಯೋಗ್ರಫಿ' ಸ್ಟೈಲನ್ನೇ ತಿದ್ದಿದೆ. ಹಾಗೆ ಮಾಡಿದರೆ ಮಾತ್ರ ಉಳಿಯುತ್ತದೆ.

ಪಟ್ಟಿಯಲ್ಲಿ ಇಂಗ್ಲಿಷ್ ಆಧಾರಗಳು ಮೊದಲು, ಕನ್ನಡದವು ಆಮೇಲೆ ಒಟ್ಟಿಗೆ ಬಂದವು. ಎರಡಕ್ಕೂ ಬೇರೆ ತಲೆಬರಹ ಬೇಕೆಂದು ಮೇಡಂ ಹೇಳಿದ್ದರು. ಅದಕ್ಕೆ ಫೈಲಿನ ನಕಲು ಮಾಡಿ, ಆ ನಕಲಿನಲ್ಲಿ ಮಾತ್ರ 'ಅನ್‌ಲಿಂಕ್ ಸೈಟೇಶನ್ಸ್' ಒತ್ತಿದೆ. ಆಗ ಎಲ್ಲ ಮಾಮೂಲಿ ಅಕ್ಷರಗಳಾಗುತ್ತವೆ, ಮತ್ತೆ ಜೋಡಿಸಲು ಬರುವುದಿಲ್ಲ. ತಲೆಬರಹ ಹಾಕಿ ಆ ನಕಲನ್ನೇ ಸಲ್ಲಿಸಿದೆ. ಮೂಲ ಫೈಲು ಜೋಡಣೆ ಸಮೇತ ಹಾಗೇ ಇದೆ. ಈಗ ಅದರಿಂದಲೇ ಒಂದು ಅಧ್ಯಾಯ ತೆಗೆದು, ಉಲ್ಲೇಖ ಶೈಲಿ ಬದಲಿಸಿ, ಪತ್ರಿಕೆಗೆ ಕಳಿಸಲು ತಯಾರು ಮಾಡುತ್ತಿದ್ದೇನೆ.